ವಸಡಿನ ಆರೋಗ್ಯ, ಮನಸ್ಸಿನ ನೆಮ್ಮದಿ
(ಶತಮಾನೋತ್ಸವದ ಅಂಗವಾಗಿ ಜರಗಿದ ರಕ್ಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಶತಮಾನೋತ್ಸವದ ಸಂಭ್ರಮದಲ್ಲಿ ಹಲ್ಲಿನ ವಿಚಾರವೇಕೆ ಎಂದು ತಮಗೆ ಅನ್ನಿಸಬಹುದು. ಕಳೆದ ವರ್ಷ ತಾಯಿಯೊಬ್ಬರು, ‘ಮಗಳು ರಾತ್ರಿ ಹಲ್ಲು ಕಡಿಯುತ್ತಾಳೆ, ಹುಳದ ಮದ್ದು ಕೊಟ್ಟರೂ ನಿಂತಿಲ್ಲ’ ಎಂದರು. ನಾನು ಉತ್ತರಿಸಲು ತಡವರಿಸಿದೆ. ಆ ಅಭ್ಯಾಸ ನನಗೂ ಇತ್ತು, ಯಾರಲ್ಲಿಯೂ ಹೇಳಿಕೊಂಡಿರಲಿಲ್ಲ.

ಈ ಗಡಿನಾಡಿನ ಕನ್ನಡ ಶಾಲೆಯ ಹೊಣೆ ಹೊತ್ತಂದಿನಿಂದ, ಬರುವ ಜೂನ್‌ನಲ್ಲಿ ಒಂದನೇ ತರಗತಿಗೆ ಎಷ್ಟು ಮಕ್ಕಳು ಸೇರುವರೆಂಬ ಚಿಂತೆ ನಿದ್ದೆಯಲ್ಲಿಯೂ ನನ್ನನ್ನು ಬಿಡಲಿಲ್ಲ. ಬೆಳಗ್ಗೆ ಏಳುವಾಗ ದವಡೆ ಬಿಗಿದಿರುತ್ತಿತ್ತು. ಹಲ್ಲುಜ್ಜಿದರೆ ರಕ್ತ ಒಸರುತ್ತಿತ್ತು. ಉಪ್ಪುನೀರು ಮುಕ್ಕಳಿಸಿ ಸುಮ್ಮನಾದೆ. ದವಡೆಹಲ್ಲೊಂದು ಅಲುಗತೊಡಗಿದ ಬಳಿಕವಷ್ಟೇ ವೈದ್ಯರಲ್ಲಿಗೆ ಹೋದೆ. ಆ ಹಲ್ಲು ಉಳಿಯಲಿಲ್ಲ.

ಅಂದು ತಿಳಿದುದನ್ನು ತಮ್ಮ ಮುಂದಿಡುತ್ತೇನೆ. ಹಲ್ಲು ಕಡಿಯುವುದರಿಂದಲೇ ವಸಡಿನ ರೋಗ ಹುಟ್ಟುವುದಿಲ್ಲ. ಹಲ್ಲಿನ ಬುಡದಲ್ಲಿ ನಿಲ್ಲುವ ಪಾಚಿಯೂ ಅದರಲ್ಲಿನ ರೋಗಾಣುಗಳೂ ಅದಕ್ಕೆ ಮೂಲ. ಆದರೆ ರೋಗದಿಂದ ಎಲುಬಿನ ಆಸರೆ ಕುಗ್ಗಿದ ಹಲ್ಲಿನ ಮೇಲೆ ಕಡಿತದ ಭಾರವೂ ಬಿದ್ದರೆ ಅದು ಬೇಗನೆ ಸಡಿಲವಾಗಬಹುದು. ಧೂಮಪಾನ, ಹತೋಟಿಯಲ್ಲಿರದ ಮಧುಮೇಹ ಇವು ರೋಗವನ್ನು ಉಲ್ಬಣಗೊಳಿಸುತ್ತವೆ. ಅಡಿಕೆಯಿಂದಲೇ ಬದುಕು ಕಟ್ಟಿಕೊಂಡ ನಾಡು ನಮ್ಮದು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು 2004ರಲ್ಲಿ ಪ್ರಕಟಿಸಿದೆ ಎಂಬುದನ್ನು ಮಕ್ಕಳಿಗೆ ಮರೆಮಾಚಬಾರದು.

ಹಲ್ಲು ಶುಚಿಗೊಳಿಸಿದರೆ ಸಡಿಲವಾಗುತ್ತದೆಂಬ ಭಯ ನಮ್ಮಲ್ಲಿದೆ. ಗಟ್ಟಿಯಾದ ಕಿಟ್ಟ ತೆಗೆದಾಗ ಅದು ಮುಚ್ಚಿದ್ದ ಸಂದು ಕಾಣುತ್ತದೆ, ಅಷ್ಟೆ. ಕಿಟ್ಟವನ್ನು ವಸಡಿನ ಮೇಲೂ ಕೆಳಗೂ ತೆಗೆದು, ಬೇರನ್ನು ನಯಗೊಳಿಸಿ, ಕೆಲವು ವಾರಗಳ ಬಳಿಕ ಮತ್ತೆ ಪರೀಕ್ಷಿಸುತ್ತಾರೆ. ರಾತ್ರಿ ಧರಿಸುವ ಕವಚವು ಹಲ್ಲು ಸವೆಯದಂತೆ ಕಾಯುತ್ತದೆ. ಚಿಂತೆಯನ್ನು ಅದು ತೆಗೆಯಲಾರದು.

ಬಾಯ ದುರ್ವಾಸನೆಯ ಅಳುಕಿನಿಂದ ನಾನು ಸಭೆಗಳಲ್ಲಿ ಹಿಂದೆ ಸರಿದು ನಿಲ್ಲುತ್ತಿದ್ದೆ, ನಗುವಾಗ ಸೆರಗು ಅಡ್ಡ ಹಿಡಿಯುತ್ತಿದ್ದೆ. ಚಿಕಿತ್ಸೆಯಿಂದ ಆ ಅಳುಕು ದೂರವಾಯಿತು. ಸಹೋದ್ಯೋಗಿಗಳೊಡನೆ ಚಿಂತೆಯನ್ನು ಹಂಚಿಕೊಂಡ ಮೇಲೆ ನಿದ್ದೆಯೂ ಮರಳಿತು. ‘ಹಲ್ಲು ಕಚ್ಚಿ ಸಹಿಸು’ ಎಂದು ಹೆಣ್ಣುಮಕ್ಕಳಿಗೆ ಹೇಳುತ್ತ ಬಂದವರು ನಾವು. ಆ ಮಾತನ್ನು ಇನ್ನು ಬಿಡೋಣ. ಮಾತನಾಡಲು ಹತ್ತಿರ ಯಾರೂ ಇಲ್ಲದವರಿಗೆ ಟೆಲಿ ಮಾನಸ್‌ನ 14416 ಎಂಬ ಉಚಿತ ದೂರವಾಣಿ ಇದೆ.

ಎಳೆಯ ಮಕ್ಕಳಲ್ಲಿ ಹಲ್ಲು ಕಡಿಯುವುದು ಸಾಮಾನ್ಯ. ಬಹುಪಾಲು ಬೆಳೆದಂತೆ ತಾನೇ ನಿಲ್ಲುತ್ತದೆ. ಗದರಿಸಬೇಡಿ, ಒಮ್ಮೆ ದಂತವೈದ್ಯರಿಗೆ ತೋರಿಸಿ. ಮಲಗುವ ಮುನ್ನ ಹಲ್ಲುಜ್ಜಿಸಿ, ಹತ್ತು ನಿಮಿಷ ಅವರ ಮಾತು ಕೇಳಿ. ಆ ಬಾಲಕಿಯೊಡನೆ ನಾನೂ ಕುಳಿತು ಮಾತನಾಡಿದೆ. ಅವಳು ಹೇಳಿದುದನ್ನು ಇಲ್ಲಿ ಹೇಳಲಾರೆ. ಮರುದಿನ ಅದನ್ನು ತಾಯಿಗೆ ತಾನೇ ಹೇಳಿದಳು, ಅಷ್ಟು ಸಾಕು.

ನೂರು ವರ್ಷ ಅಕ್ಷರ ಕಲಿಸಿದ ಈ ಶಾಲೆ, ಮಕ್ಕಳು ಅಳುಕಿಲ್ಲದೆ ಬಾಯಿ ತೆರೆದು ಮಾತನಾಡುವ, ನಗುವ ತಾಣವಾಗಿಯೂ ಉಳಿಯಲಿ.