ಬಸ್ಸಿನೊಳಗಿನ ಡಂಗುರ

ಹೊನ್ನಾಳಿಯಿಂದ ನ್ಯಾಮತಿ ಕಡೆಗೆ ಹೊರಟ ಖಾಸಗಿ ಬಸ್ಸಿನಲ್ಲಿ ಡ್ರೈವರಿಗೂ ಕಂಡಕ್ಟರಿಗೂ ಮಾತುಕತೆ ನಡೆಯುವುದು ಎರಡೇ ಪದಗಳಲ್ಲಿ: 'ಹೋಲ್ಡಾನ್', 'ರೈಟ್'. ಜನ ತುಂಬಿ ಗದ್ದಲವಾದರೆ ಸೀಟಿ. ಅದೂ ಕೇಳದಿದ್ದರೆ ಬಸ್ಸಿನ ಮೈಗೆ ಅಂಗೈಯಿಂದ ಎರಡೇಟು. ರಸ್ತೆಯ ಮೇಲಿನ ಭಾಷೆ ಬೇರೆ. ಎದುರಿನ ಲಾರಿಯವನು ಹೆಡ್‌ಲೈಟ್ ಮಿಣುಕಿಸಿದರೆ ಮುಂದೆ ಏನೋ ಇದೆ ಎಂದರ್ಥ. ಮುಂದಿನ ಲಾರಿಯವನು ಕೈ ಚಾಚಿ ಬೀಸಿದರೆ ಹಿಂದಿನವನು ದಾಟಿಕೊಳ್ಳಬಹುದು. ವಾಹನದೊಳಗಿನ ಮಾತು, ವಾಹನಗಳ ನಡುವಿನ ಮಾತು ಎರಡೂ ಹೀಗೆ ಕೈ, ಬಾಯಿ, ದೀಪಗಳಲ್ಲಿಯೇ ಬಹುಕಾಲ ನಡೆದುಬಂದವು. ಈಗ ಇವೇ ಮಾತುಗಳನ್ನು ತಂತಿಯೂ ರೇಡಿಯೊ ಅಲೆಯೂ ಆಡತೊಡಗಿವೆ.

ಮೊದಲು ಒಳಗಿನ ಮಾತು. ಇಂದಿನ ಕಾರು, ಬಸ್ಸುಗಳಲ್ಲಿ ಇಂಜಿನ್ನಿಗೊಂದು, ಬ್ರೇಕಿಗೊಂದು, ಏರ್‌ಬ್ಯಾಗಿಗೊಂದು ಎಂದು ಹಲವಾರು ಪುಟ್ಟ ಕಂಪ್ಯೂಟರುಗಳಿರುತ್ತವೆ. ಇವುಗಳಲ್ಲಿ ಪ್ರತಿಯೊಂದರಿಂದ ಪ್ರತಿಯೊಂದಕ್ಕೂ ಬೇರೆ ಬೇರೆ ತಂತಿ ಎಳೆಯುತ್ತಾ ಹೋದರೆ ಗಾಡಿಯ ತುಂಬ ತಂತಿಯೇ ಆದೀತು. ಜರ್ಮನಿಯ ಬಾಷ್ ಕಂಪನಿ 1983ರಲ್ಲಿ ಇದಕ್ಕೊಂದು ದಾರಿ ಹುಡುಕಲು ಹೊರಟಿತು. ನಮ್ಮಲ್ಲಿ ಹಳಬರಿಗೆ 'ಮೈಕೋ' ಎಂದರೆ ಬೇಗ ಗುರುತು ಸಿಗುವುದು ಇದೇ ಬಾಷ್‌ನ ಬೆಂಗಳೂರಿನ ಬಳಗ. ಹುಡುಕಾಟದ ಫಲವನ್ನು 1986ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಇಂಜಿನಿಯರುಗಳ ಸಭೆಯ ಮುಂದಿಟ್ಟರು. ಹೆಸರು ಕಂಟ್ರೋಲರ್ ಏರಿಯಾ ನೆಟ್‌ವರ್ಕ್, ಚಿಕ್ಕದಾಗಿ 'ಕ್ಯಾನ್'. 1991ರಲ್ಲಿ ಮರ್ಸಿಡಿಸ್ ಬೆಂಜ್ ಕಾರಿನೊಳಗೆ ಅದು ಕೂತಿತು. ನೋಡಲು ಹೆಚ್ಚೇನಿಲ್ಲ: ಹಗ್ಗದಂತೆ ಹೊಸೆದ ಎರಡು ತಂತಿ, ಅಷ್ಟೆ. ಒಂದರಲ್ಲಿ ವೋಲ್ಟೇಜ್ ಏರಿದಾಗ ಇನ್ನೊಂದರಲ್ಲಿ ಇಳಿಯುತ್ತದೆ. ಹೊರಗಿನ ವಿದ್ಯುತ್ ಗಲಾಟೆ ಬಡಿದರೆ ಎರಡಕ್ಕೂ ಸಮನಾಗಿ ಬಡಿಯುತ್ತದೆ, ಅವುಗಳ ನಡುವಿನ ವ್ಯತ್ಯಾಸ ಮಾತ್ರ ಹಾಗೇ ಉಳಿಯುತ್ತದೆ. ಸುದ್ದಿ ಇರುವುದು ಆ ವ್ಯತ್ಯಾಸದಲ್ಲಿ.

ಇದರ ಕ್ರಮ ಹಳ್ಳಿಯಲ್ಲಿ ಬೆಳೆದವರಿಗೆ ಹೊಸದಲ್ಲ. ಅದು ಡಂಗುರದ ಕ್ರಮ. ಡಂಗುರ ಸಾರುವವನು ಯಾವುದೋ ಒಂದು ಮನೆಯ ಬಾಗಿಲಿಗೆ ಹೋಗಿ ಹೇಳುವುದಿಲ್ಲ. ಊರಿಗೆಲ್ಲ ಕೇಳುವಂತೆ ಕೂಗುತ್ತಾನೆ, ಸಂಬಂಧಪಟ್ಟವರು ಕಿವಿಗೊಡುತ್ತಾರೆ, ಉಳಿದವರು ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ಚಕ್ರದ ವೇಗ ಇಷ್ಟು ಎಂಬ ಸುದ್ದಿ ತಂತಿಗೆ ಬಿದ್ದರೆ ಬ್ರೇಕೂ ಕೇಳಿಸಿಕೊಳ್ಳುತ್ತದೆ, ಸ್ಪೀಡೋಮೀಟರೂ ಕೇಳಿಸಿಕೊಳ್ಳುತ್ತದೆ. ಇಬ್ಬರು ಒಟ್ಟಿಗೇ ಕೂಗಲು ಶುರುಮಾಡಿದರೆ? ಜಾಣತನ ಇರುವುದು ಇಲ್ಲಿ. ಪ್ರತಿ ಸುದ್ದಿಗೂ ಒಂದು ಸಂಖ್ಯೆ ಇದೆ. ಸಂಖ್ಯೆ ಚಿಕ್ಕದಾದಷ್ಟೂ ಅಧಿಕಾರ ಹೆಚ್ಚು. ದೊಡ್ಡ ಸಂಖ್ಯೆಯವನು ಮಧ್ಯದಲ್ಲೇ ತಾನಾಗಿ ಸುಮ್ಮನಾಗುತ್ತಾನೆ, ಚಿಕ್ಕ ಸಂಖ್ಯೆಯವನ ಮಾತು ಒಂದಕ್ಷರವೂ ಕೆಡದೆ ಮುಂದುವರಿಯುತ್ತದೆ. ನಮ್ಮ ಅನೇಕ ಸಭೆಗಳಿಗೆ ಈ ಶಿಸ್ತು ಇನ್ನೂ ಬಂದಿಲ್ಲ.

2020ರ ಏಪ್ರಿಲ್ 1ರಂದು ವಾಹನಗಳ ಹೊಗೆಗೆ ಕಡಿವಾಣ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಚನ್ನಗಿರಿಯಂಥ ಊರಿನ ಗ್ಯಾರೇಜುಗಳಿಗೂ ಈ ಡಂಗುರ ಕೇಳಿಸಲೇಬೇಕಾಯಿತು. ಶಬ್ದ ಕೇಳಿಯೇ ರೋಗ ಹೇಳುತ್ತಿದ್ದ ಮೆಕ್ಯಾನಿಕ್ ಈಗ ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿ, ಗಾಡಿ ತಾನೇ ಹೇಳುವ ಕೋಡ್ ಓದುತ್ತಾನೆ. ಕಿವಿಯ ವಿದ್ಯೆ ಪೂರ್ತಿ ವ್ಯರ್ಥವಾಗಿಲ್ಲ. ಕೋಡ್ ಕಾಯಿಲೆಯ ಜಾಗ ತೋರಿಸುತ್ತದೆ, ಕಾರಣ ಹುಡುಕಬೇಕಾದವನು ಅವನೇ.

ಡಂಗುರಕ್ಕೊಂದು ದೋಷವೂ ಉಂಟು. ಕೂಗಿದವನು ಯಾರು ಎಂದು ಯಾರೂ ಕೇಳುವುದಿಲ್ಲ. ಗಾಡಿಗೆ ಇಂಟರ್ನೆಟ್ ಬಂದಾಗ ಈ ಸಲಿಗೆ ದುಬಾರಿಯಾಯಿತು. 2015ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು ಮನೆಯಲ್ಲಿ ಕೂತೇ ಹೆದ್ದಾರಿಯ ಮೇಲಿದ್ದ ಜೀಪ್ ಚೆರೋಕಿಯೊಂದರ ಓಟ ನಿಲ್ಲಿಸಿ ತೋರಿಸಿದರು. ಕಂಪನಿ 14 ಲಕ್ಷ ವಾಹನಗಳನ್ನು ದುರಸ್ತಿಗೆ ವಾಪಸ್ ಕರೆಯಬೇಕಾಯಿತು.

ಇನ್ನು ಗಾಡಿಯಿಂದ ಹೊರಗೆ ಹೋಗುವ ಮಾತು. ಕೆಎಸ್‌ಆರ್‌ಟಿಸಿ 2012ರಲ್ಲೇ ಮೈಸೂರಿನ ನಗರ ಬಸ್ಸುಗಳಿಗೆ ಜಿಪಿಎಸ್ ಹಾಕಿ, ಬಸ್ ಎಷ್ಟು ಹೊತ್ತಿಗೆ ಬರುತ್ತದೆಂದು ನಿಲ್ದಾಣದ ಫಲಕದಲ್ಲಿ ತೋರಿಸತೊಡಗಿತು. ದೇಶಕ್ಕೆಲ್ಲ ಅನ್ವಯಿಸುವ ಎಐಎಸ್-140 ಎಂಬ ನಿಯಮ 2019ರ ಜನವರಿ 1ರಿಂದ ಹೊಸ ಬಸ್, ಟ್ಯಾಕ್ಸಿಗಳಿಗೆ ಕಡ್ಡಾಯವಾಯಿತು. ಆಟೊಗಳಿಗೆ ವಿನಾಯಿತಿ ಇದೆ. ಈ ನಿಯಮದಂತೆ ಗಾಡಿಯಲ್ಲಿ ಕೂರಿಸುವ ಪೆಟ್ಟಿಗೆ ಗಾಡಿಯ ಜಾಗವನ್ನು ಮೊಬೈಲ್ ನೆಟ್‌ವರ್ಕಿನ ಮೂಲಕ ಕಳಿಸುತ್ತಿರುತ್ತದೆ. ಜಿಪಿಎಸ್‌ನಂತೆ ಜಾಗ ತಿಳಿಸುವ ನಮ್ಮದೇ 'ನಾವಿಕ್' ಉಪಗ್ರಹಗಳ ಮಾತೂ ಅದಕ್ಕೆ ತಿಳಿಯಬೇಕು. ಆ ಉಪಗ್ರಹಗಳ ನ್ಯಾವಿಗೇಷನ್ ಕೇಂದ್ರ ಇರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ. ಗಾಡಿಯ ಬ್ಯಾಟರಿ ಕಿತ್ತರೂ ಒಳಗಿನ ಸ್ವಂತ ಬ್ಯಾಟರಿಯ ಮೇಲೆ ಪೆಟ್ಟಿಗೆ ಕೆಲಹೊತ್ತು ನಡೆಯುತ್ತದೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿ ಕಾಡಿನಂಚಿನಲ್ಲಿ ಸಿಗ್ನಲ್ ಹೋಯಿತೆಂದುಕೊಳ್ಳಿ, ಸುದ್ದಿಯನ್ನು ಕೂಡಿಟ್ಟುಕೊಂಡು ಸಿಗ್ನಲ್ ಬಂದೊಡನೆ ಒಪ್ಪಿಸುತ್ತದೆ. ಸೀಟಿನ ಬಳಿಯ ಕೆಂಪು ಗುಂಡಿ ಇದೇ ಪೆಟ್ಟಿಗೆಗೆ ಸೇರಿದ್ದು. ಆಪತ್ತಿನಲ್ಲಿ ಒತ್ತಿದರೆ ನಿಯಂತ್ರಣ ಕೊಠಡಿಗೆ ಕರೆ ಮುಟ್ಟಬೇಕು.

ಗಾಡಿ ಗಾಡಿಯೊಡನೆ ನೇರವಾಗಿ ಮಾತಾಡುವುದು ಕೊನೆಯ ಹಂತ. 5.9 ಗಿಗಾಹರ್ಟ್ಸ್ ರೇಡಿಯೊ ಅಲೆಯಲ್ಲಿ, ಇದಕ್ಕೆ ಬೇಕಾದ ಯಂತ್ರವಿರುವ ಪ್ರತಿ ವಾಹನ ಸೆಕೆಂಡಿಗೆ ಸುಮಾರು ಹತ್ತು ಸಲ ತಾನೆಲ್ಲಿದ್ದೇನೆ, ಎಷ್ಟು ವೇಗ, ಬ್ರೇಕ್ ಒತ್ತಿದೆಯೇ ಎಂದು ಸಾರುತ್ತದೆ. ಕೆಲವು ನೂರು ಮೀಟರ್ ಸುತ್ತಲಿನ ವಾಹನಗಳಿಗೆ ಅದು ಕೇಳಿಸುತ್ತದೆ. ಜಪಾನಿನಲ್ಲಿ ಟೊಯೋಟಾ 2015ರಲ್ಲಿ ಬೇರೊಂದು ತರಂಗಾಂತರದಲ್ಲಿ ಇಂಥದ್ದನ್ನು ತಂದಿತು. ಯುರೋಪಿನಲ್ಲಿ ಫೋಕ್ಸ್‌ವ್ಯಾಗನ್ 2019ರ ಗಾಲ್ಫ್ ಕಾರಿನಲ್ಲಿ ಅಳವಡಿಸಿತು. ಸೂಳೆಕೆರೆ ಸೀಮೆಯ ಗುಡ್ಡದ ತಿರುವಿನಲ್ಲಿ ಅಡಿಕೆ ಹೇರಿದ ಲಾರಿ ಗಕ್ಕನೆ ನಿಂತರೆ, ಕಣ್ಣಿಗೆ ಕಾಣುವ ಮೊದಲೇ ಹಿಂದಿನ ಬಸ್ಸಿಗೆ ಎಚ್ಚರಿಕೆ ಬರುತ್ತದೆ. ಆದರೆ ಎರಡರಲ್ಲೂ ಯಂತ್ರವಿರಬೇಕು. ಒಬ್ಬನ ಹತ್ತಿರ ಮಾತ್ರ ಫೋನಿದ್ದರೆ ಮಾತುಕತೆ ಹೇಗೆ?

ದಾವಣಗೆರೆ ಸೀಮೆಯ ರಸ್ತೆಯ ನಿಜವಾದ ತೊಡಕು ಇಲ್ಲಿದೆ. ಸುಗ್ಗಿ ಬಂದರೆ ಇಲ್ಲಿ ರಸ್ತೆಯೇ ಕಣ. ಒಂದು ಬದಿಗೆ ಮೆಕ್ಕೆಜೋಳ ಒಣಗುತ್ತಿರುತ್ತದೆ, ಅದರ ಸುತ್ತ ಕಲ್ಲಿನ ಸಾಲು. ಆಚೆ ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್, ಈಚೆ ಕುರಿ ಹಿಂಡು. ಇವು ಯಾವುವೂ ಯಾವ ತರಂಗಾಂತರದಲ್ಲೂ ಕೂಗಿ ಹೇಳುವುದಿಲ್ಲ. ರೇಡಾರು, ಕ್ಯಾಮೆರಾ ಇರುವ ದುಬಾರಿ ಕಾರು ಅವನ್ನು ಕಂಡುಹಿಡಿದೀತು. ರಾತ್ರಿಯ ಕೊನೆಯ ಬಸ್ಸಿಗಿರುವುದು ಡ್ರೈವರನ ಎರಡು ಕಣ್ಣು. ರೈತಬಾಂಧವರು ಈ ಸಲದ ಸುಗ್ಗಿಗೆ ಮೊದಲೇ ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿಕೊಳ್ಳಲಿ. ಹೊತ್ತು ಮುಳುಗುವ ಮುಂಚೆ ರಾಶಿಯನ್ನೂ, ಮರೆಯದೆ ಆ ಕಲ್ಲುಗಳನ್ನೂ, ರಸ್ತೆಯಿಂದ ಎತ್ತಿಬಿಡಲಿ.