ಅಧ್ಯಾಪಕರ ದನಿ ಕುಂದಿದಾಗ



ಕಾಸರಗೋಡಿನ ಈ ನೆಲದಲ್ಲಿ ನಮ್ಮ ಶಾಲೆಯು ನೂರು ವರ್ಷ ಕನ್ನಡವನ್ನು ಉಳಿಸಿಕೊಂಡು ಬಂದಿರುವುದು ಅಧ್ಯಾಪಕರ ಕಂಠದಿಂದ. ಆ ಕಂಠದ ಆರೋಗ್ಯದ ಕುರಿತು ನಾಲ್ಕು ಮಾತು ಈ ಸಂದರ್ಭಕ್ಕೆ ಉಚಿತವೆಂದು ಭಾವಿಸುತ್ತೇವೆ.

ದನಿ ಒಡೆದರೆ ನಾವು ಶುಂಠಿ ಕಷಾಯ ಕುಡಿದು ಮರುದಿನ ತರಗತಿಗೆ ನಡೆಯುತ್ತೇವೆ. ಬಹುತೇಕ ಅದು ಶೀತ, ಇಲ್ಲವೇ ಅತಿಬಳಕೆಯ ದಣಿವು. ಆದರೆ ಕೆಲವೊಮ್ಮೆ ಧ್ವನಿತಂತುಗಳನ್ನು ಆಡಿಸುವ ನರವೇ ದುರ್ಬಲವಾಗಿರುತ್ತದೆ. ಆಗ ತಂತುಗಳೆರಡೂ ಸರಿಯಾಗಿ ಕೂಡದೆ ಉಸಿರು ಸೋರುತ್ತದೆ, ದನಿ ಕ್ಷೀಣಿಸುತ್ತದೆ, ಒಂದೆರಡು ಪಿರಿಯಡ್‌ಗಳಲ್ಲೇ ಆಯಾಸವಾಗುತ್ತದೆ, ನೀರು ಕುಡಿದರೆ ಕೆಮ್ಮು ಬರಬಹುದು.

ಈ ನರದ ದಾರಿ ವಿಚಿತ್ರವಾದುದು. ಎಡಬದಿಯಲ್ಲಿ ಅದು ಎದೆಗಿಳಿದು, ಹೃದಯದಿಂದ ಹೊರಡುವ ಮಹಾಪಧಮನಿಯನ್ನು ಬಳಸಿ, ಮತ್ತೆ ಮೇಲೇರಿ, ಥೈರಾಯ್ಡ್ ಗ್ರಂಥಿಯ ಹಿಂಬದಿಯಿಂದ ಧ್ವನಿಪೆಟ್ಟಿಗೆಯನ್ನು ಸೇರುತ್ತದೆ. ಆದುದರಿಂದ ಗಂಟಲಿನ ದೋಷದ ಮೂಲ ಎದೆಯಲ್ಲಿಯೂ ಇರಬಹುದು.

1854ರಲ್ಲಿ ಕನ್ನಡಿಗಳಿಂದ ಬಿಸಿಲನ್ನು ಹಾಯಿಸಿ ತನ್ನ ಧ್ವನಿತಂತುಗಳನ್ನು ತಾನೇ ಕಂಡ ಮಾನ್ಯುಯೆಲ್ ಗಾರ್ಸಿಯಾ ವೈದ್ಯನಲ್ಲ, ಸಂಗೀತದ ಅಧ್ಯಾಪಕ. ಇಂದು ಇ.ಎನ್.ಟಿ. ವೈದ್ಯರು ಮೂಗಿನ ಮೂಲಕ ತೆಳುವಾದ ದರ್ಶಕ ನಳಿಕೆಯನ್ನು ಇಳಿಸಿ ತಂತುಗಳ ಚಲನೆಯನ್ನು ನೋಡುತ್ತಾರೆ. ಸ್ಟ್ರೋಬೋಸ್ಕೋಪಿಯ ಮಿನುಗುವ ಬೆಳಕಿನಲ್ಲಿ ಸೂಕ್ಷ್ಮ ದೌರ್ಬಲ್ಯವೂ ಗೋಚರಿಸಬಹುದು. ಸಂದೇಹ ಉಳಿದರೆ ಸ್ನಾಯುಗಳ ವಿದ್ಯುತ್ ಪರೀಕ್ಷೆಯುಂಟು. ಹಿಂದಿನ ಶಸ್ತ್ರಚಿಕಿತ್ಸೆಯಂಥ ಕಾರಣ ಕಾಣದಿದ್ದರೆ ತಲೆಬುರುಡೆಯ ಬುಡದಿಂದ ಎದೆಯವರೆಗೆ ಸ್ಕ್ಯಾನ್ ಮಾಡಿಸುತ್ತಾರೆ. ಗಡ್ಡೆ ಮೊದಲಾದುವು ಇಲ್ಲವೆಂದು ಖಚಿತವಾದ ಮೇಲಷ್ಟೇ ‘ಕಾರಣ ತಿಳಿಯದ ದೌರ್ಬಲ್ಯ’ ಎಂಬ ಹೆಸರು ಸಲ್ಲುತ್ತದೆ. ಅದು ಹುಡುಕಾಟದ ಕೊನೆಯ ಮಾತು, ಮೊದಲ ಮಾತಲ್ಲ. ಅಂಥವರಲ್ಲಿ ಹಲವರ ದನಿ ವರ್ಷದೊಳಗೆ ತಾನಾಗಿ ಮರಳುವುದುಂಟು. ಉಳಿದವರಿಗೆ ಧ್ವನಿ ತರಬೇತಿ, ಚುಚ್ಚುಮದ್ದು, ಶಸ್ತ್ರಚಿಕಿತ್ಸೆಗಳಿವೆ.

ಸಹೋದ್ಯೋಗಿಗಳೇ, ನಾಲ್ಕು ವಾರ ಮೀರಿದ ಒಡಕು ದನಿಯನ್ನು ವೃತ್ತಿಯ ಬಳುವಳಿಯೆಂದು ಒಪ್ಪಿಕೊಳ್ಳದಿರೋಣ. ಕತ್ತಿನಲ್ಲಿ ಗಂಟು, ನುಂಗಲು ಅಥವಾ ಉಸಿರಾಡಲು ಕಷ್ಟ ಕಂಡರೆ ಅಷ್ಟು ದಿನವೂ ಕಾಯುವುದು ಬೇಡ. ರಕ್ಷಕರೇ, ಗುರುಗಳು ಮೆಲುದನಿಯಲ್ಲಿ ಪಾಠ ಮಾಡಿದರೆ ಅಸಡ್ಡೆಯೆಂದು ಎಣಿಸದಿರಿ. ಚಿಕಿತ್ಸೆಗೆ ರಜೆ ಪಡೆದರೆ ಮುನಿಯದಿರಿ. ಕನ್ನಡ ಬಲ್ಲ ಬದಲಿ ಅಧ್ಯಾಪಕರು ಸುಲಭವಾಗಿ ದೊರೆಯದ ಈ ಗಡಿನಾಡಿನಲ್ಲಿ ಒಂದು ಕಂಠ ಮೌನವಾದರೆ ಒಂದು ತರಗತಿಯ ಕನ್ನಡವೇ ಬಡವಾಗುತ್ತದೆ. ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ಶಾಲೆ, ತನ್ನ ದನಿಗಳನ್ನು ಜೋಪಾನ ಮಾಡಲಿ ಎಂದು ಹಾರೈಸುತ್ತೇವೆ.