ಉಳಿದ ಮಾತ್ರೆಗಳು



 ವೈದ್ಯರೇ ಬರೆದುಕೊಡುವ, ಅಫೀಮಿನ ಕುಲಕ್ಕೆ ಸೇರಿದ (ಒಪಿಯಾಯ್ಡ್) ನೋವುನಿವಾರಕಗಳು ದುರ್ಬಳಕೆಯಾಗದಂತೆ ಕಾಯುವ ಬಗೆ ಯಾವುದು ಎಂಬುದೇ ಇಂದಿನ ಈ ವಿಚಾರಸಂಕಿರಣದ ವಿಷಯ. ಶಾಸ್ತ್ರದ ಮಾತಿಗೆ ತೊಡಗುವ ಮೊದಲು ನಾನು ಕಂಡ ಒಂದು ಮನೆಯ ಸಂಗತಿಯನ್ನು ಹೇಳಲು ಅಪ್ಪಣೆ ಬೇಡುತ್ತೇನೆ.

ಕೆಲವು ವರ್ಷಗಳ ಹಿಂದೆ, ಕ್ಯಾನ್ಸರಿನಿಂದ ತೀರಿಕೊಂಡ ಹಿರಿಯರೊಬ್ಬರ ಮನೆಗೆ, ಉತ್ತರಕ್ರಿಯೆಗಳೆಲ್ಲ ಮುಗಿದ ಮೇಲೆ, ಮನೆಯವರನ್ನು ಮಾತನಾಡಿಸಿಕೊಂಡು ಬರಲು ಹೋಗಿದ್ದೆ. ಅವರ ಪತ್ನಿ ಕಪಾಟಿನಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ತೆಗೆದು ನನ್ನ ಮುಂದಿಟ್ಟರು. ಥರ್ಮಾಮೀಟರು, ಹತ್ತಿಯ ಸುರುಳಿ, ಮಡಿಕೆಗಳಲ್ಲಿ ಸವೆದ ಔಷಧಚೀಟಿಗಳು. ಇವೆಲ್ಲದರ ಅಡಿಯಲ್ಲಿ 16 ಮಾರ್ಫಿನ್ ಮಾತ್ರೆಗಳು. “ಎಸೆಯೋಕೆ ಮನಸ್ಸು ಬರಲಿಲ್ಲ ಡಾಕ್ಟ್ರೇ. ಪಕ್ಕದ ಮನೆ ಹುಡುಗ ಬೈಕಿನಿಂದ ಬಿದ್ದು ಕಾಲು ಮುರ್ಕೊಂಡಿದಾನೆ, ರಾತ್ರಿಯೆಲ್ಲ ನರಳ್ತಾನೆ. ಅವನಿಗೆ ಕೊಡಲಾ?” ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಕೇಡಿನ ಲೇಶವೂ ಇರಲಿಲ್ಲ. ಇದ್ದುದು ಪರರ ನೋವಿಗೆ ಮರುಗುವ ಅಂತಃಕರಣ, ಉಪಯೋಗಕ್ಕೆ ಬರುವ ವಸ್ತುವನ್ನು ಹಾಳುಮಾಡಬಾರದೆಂಬ ಗೃಹಿಣಿಯ ವಿವೇಕ. ಆ ಮಾತ್ರೆಗಳನ್ನು ಬರೆದುಕೊಟ್ಟವನು ನಾನೇ. ಹೇಗೆ ಸೇವಿಸಬೇಕೆಂಬುದನ್ನು ವಿಸ್ತಾರವಾಗಿ ತಿಳಿಸಿದ್ದವನು, ಉಳಿದರೆ ಏನು ಮಾಡತಕ್ಕದ್ದು ಎಂಬುದನ್ನು ಮಾತ್ರ ಹೇಳಿರಲಿಲ್ಲ. ಔಷಧದ ಆರಂಭವನ್ನು ಬರೆದವರು ಅದರ ಮುಕ್ತಾಯವನ್ನೂ ಬರೆಯಬೇಕೆಂಬ ಪಾಠವನ್ನು ನಾನು ಕಲಿತದ್ದು ಆ ಡಬ್ಬಿಯ ಮುಂದೆ.

ಗಸಗಸೆಯ ಹಸಿಗಾಯಿಯನ್ನು ಗೀರಿದಾಗ ಒಸರುವ ಹಾಲಿನ ಸಾರವಾದ ಮಾರ್ಫಿನ್ನನ್ನು ಜರ್ಮನಿಯ ಸೆರ್ಟ್ಯೂರ್ನರ್ 19ನೆಯ ಶತಮಾನದ ಮೊದಲ ದಶಕದಲ್ಲಿ ಬೇರ್ಪಡಿಸಿದಂದಿನಿಂದ ಅದು ಮನುಷ್ಯನ ಕಡುನೋವಿಗೆ ಆಸರೆಯಾಗಿ ನಿಂತಿದೆ. ಆದರೆ ನೋವನ್ನು ತಣಿಸುವ ಅದೇ ಶಕ್ತಿಯು ಉಸಿರಾಟವನ್ನೂ ಮಂದಗೊಳಿಸಬಲ್ಲದು. ಮದ್ಯವೋ ನಿದ್ರೆಯ ಗುಳಿಗೆಯೋ ಜೊತೆಗೂಡಿದರೆ ಮಲಗಿದಲ್ಲೇ ಉಸಿರು ನಿಂತೀತು. ವಾರಗಟ್ಟಲೆ ಸೇವಿಸಿ ಥಟ್ಟನೆ ನಿಲ್ಲಿಸಿದವನಿಗೆ ಆಕಳಿಕೆ, ಕಣ್ಣೀರು, ಭೇದಿ, ಮೈಕೈನೋವು, ನಿದ್ರಾಹೀನತೆಗಳು ತಲೆದೋರುತ್ತವೆ. ಇದು ಔಷಧ ತಪ್ಪಿದ್ದರ ಬಾಧೆಯೆಂದರಿಯದೆ, ಹಳೆಯ ನೋವೇ ಮರಳಿತೆಂದು ಬಗೆದು, ಅವನು ಮತ್ತೆ ಆ ಮಾತ್ರೆಯನ್ನೇ ಅರಸಿ ಹೊರಡುತ್ತಾನೆ.

ಮುಕ್ತಾಯವನ್ನು ಮರೆತುದರ ಫಲವನ್ನು ಅಮೆರಿಕ ಉಂಡಿದೆ. 1980ರಲ್ಲಿ ಅಲ್ಲಿಯ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಕೇವಲ ಐದು ವಾಕ್ಯಗಳ ಒಂದು ಪತ್ರ ಅಚ್ಚಾಯಿತು: ಇಂಥ ಔಷಧವನ್ನು ಪಡೆದ 11,882 ರೋಗಿಗಳಲ್ಲಿ, ಹಿಂದೆ ವ್ಯಸನವಿಲ್ಲದಿದ್ದು ಹೊಸದಾಗಿ ವ್ಯಸನಕ್ಕೆ ಒಳಗಾದವರು ನಾಲ್ವರು ಮಾತ್ರ ಎಂದು. ಅವರೆಲ್ಲರೂ ಆಸ್ಪತ್ರೆಯ ಹಾಸಿಗೆಯಲ್ಲಿ, ಶುಶ್ರೂಷಕಿಯರ ಕಣ್ಣೆದುರಿನಲ್ಲಿ ಇದ್ದವರು ಎಂಬ ಮುಖ್ಯ ಸಂಗತಿಯನ್ನು ಬಿಟ್ಟು, ಆ ಪತ್ರವನ್ನು ತಿಂಗಳುಗಟ್ಟಲೆ ಮನೆಯಲ್ಲೇ ಮಾತ್ರೆ ನುಂಗುವವರಿಗೂ ಅನ್ವಯಿಸಿ ಉದ್ಧರಿಸಿದವರು ನೂರಾರು ಮಂದಿ. 1996ರಲ್ಲಿ ಪರ್ಡ್ಯೂ ಫಾರ್ಮಾ ಕಂಪನಿಯು ಆಕ್ಸಿಕಾಂಟಿನ್ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು; ಅದರ ವ್ಯಸನಭಯವನ್ನು ಕುಗ್ಗಿಸಿ ಪ್ರಚಾರಮಾಡಿದ ಅಪರಾಧವನ್ನು 2007ರಲ್ಲಿ ಅದರ ಅಂಗಸಂಸ್ಥೆಯು ನ್ಯಾಯಾಲಯದಲ್ಲಿ ಒಪ್ಪಿಕೊಳ್ಳುವ ಹೊತ್ತಿಗೆ ವ್ಯಸನದ ಬೆಂಕಿ ಊರೂರಿಗೆ ಹಬ್ಬಿತ್ತು.

ನಮ್ಮ ದೇಶದ ಇತಿಹಾಸ ಇದಕ್ಕೆ ವಿಪರೀತವಾದದ್ದು. 1985ರ ಮಾದಕದ್ರವ್ಯ ಕಾಯಿದೆಯ ದಂಡನೆಗೆ ಹೆದರಿ ಆಸ್ಪತ್ರೆಗಳೂ ಅಂಗಡಿಗಳೂ ಮಾರ್ಫಿನ್ನಿನ ಗೊಡವೆಯನ್ನೇ ಬಿಟ್ಟವು. ನೀಮಚ್ ಮತ್ತು ಗಾಜೀಪುರಗಳಲ್ಲಿ ಸರ್ಕಾರವೇ ಅಫೀಮಿನ ಕಾರ್ಖಾನೆಗಳನ್ನು ನಡೆಸುವ ದೇಶದಲ್ಲಿ ಕ್ಯಾನ್ಸರ್ ರೋಗಿ ಮಾರ್ಫಿನ್ ಸಿಗದೆ ನರಳಿದ. ಕೇರಳದ ಡಾ. ಎಂ. ಆರ್. ರಾಜಗೋಪಾಲರಂಥವರ ಅವಿರತ ಶ್ರಮದ ಫಲವಾಗಿ 2014ರಲ್ಲಿ ಕಾಯಿದೆ ತಿದ್ದುಪಡಿಯಾಗಿ ದಾರಿ ಸುಗಮವಾಯಿತು. ಇನ್ನೊಂದೆಡೆ, ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು, 10ರಿಂದ 75 ವರ್ಷದವರಲ್ಲಿ ಸುಮಾರು ಶೇಕಡಾ 1ರಷ್ಟು ಜನ ಔಷಧರೂಪದ ಒಪಿಯಾಯ್ಡ್‌ಗಳನ್ನು ಚಿಕಿತ್ಸೆಗಲ್ಲದೆ ಬಳಸುತ್ತಾರೆಂದು ತಿಳಿಸಿತು. ಬೇಕಾದವನಿಗೆ ದೊರೆಯದಿರುವುದು, ಬೇಡದವನ ಕೈಗೆ ಸಿಕ್ಕಿಬಿಡುವುದು, ಇವೆರಡೂ ಒಂದೇ ಅಲಕ್ಷ್ಯದ ಎರಡು ಮುಖಗಳು. ಆದುದರಿಂದ ದುರ್ಬಳಕೆಯ ಭಯವನ್ನು ಮುಂದುಮಾಡಿ ಸಾಯುವವನ ಮಾರ್ಫಿನ್ನನ್ನು ಕಸಿಯುವುದು ಈ ಸಂಕಿರಣದ ಇಂಗಿತವಾಗಕೂಡದು.

ಮುಕ್ತಾಯವನ್ನು ಮೂರು ಕಡೆ ಬರೆಯಬೇಕಾಗಿದೆ. ಮೊದಲನೆಯದು ಚೀಟಿಯಲ್ಲಿ: ಅಲ್ಪಕಾಲದ ತೀವ್ರ ನೋವಿಗೆ ಬಹುಪಾಲು ಮೂರು ದಿನಗಳು ಸಾಕು, ಏಳು ದಿನಗಳನ್ನು ಮೀರುವ ಅಗತ್ಯ ವಿರಳ ಎಂಬುದು ಅಮೆರಿಕದ ರೋಗನಿಯಂತ್ರಣ ಕೇಂದ್ರ 2016ರಲ್ಲಿ ಕೊಟ್ಟಿದ್ದ ತಿಳಿವಳಿಕೆ. ಎಷ್ಟು ದಿನ, ಎಷ್ಟು ಮಾತ್ರೆ, ದೀರ್ಘಕಾಲ ಸೇವಿಸಿದವರು ಯಾವ ಕ್ರಮದಲ್ಲಿ ಇಳಿಸಬೇಕು ಎಂಬುದನ್ನು ಅಕ್ಷರದಲ್ಲಿ ಬರೆಯೋಣ. ಎರಡನೆಯದು ಅಂಗಡಿಯಲ್ಲಿ: ಟ್ರಮಡಾಲ್‌ನಂಥ ಎಚ್1 ಪಟ್ಟಿಯ ಔಷಧವನ್ನು ಮಾರಿದಾಗ ವೈದ್ಯರ ಹಾಗೂ ರೋಗಿಯ ಹೆಸರು, ಔಷಧದ ಹೆಸರು, ಪ್ರಮಾಣಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ನಮೂದಿಸಿ ಮೂರು ವರ್ಷ ಕಾಪಾಡತಕ್ಕದ್ದೆಂದು ನಿಯಮವುಂಟು. ಅದೇ ಸವೆದ ಚೀಟಿ ನಾಲ್ಕನೆಯ ಸಲ ಗಲ್ಲೆಯ ಮುಂದೆ ಬಂದಾಗ “ಮೊದಲು ಡಾಕ್ಟರನ್ನ ನೋಡ್ಕೊಂಡು ಬನ್ನಿ” ಎನ್ನುವ ಔಷಧವ್ಯಾಪಾರಿಯು ಒಂದು ಮಾತ್ರೆಪಟ್ಟಿಯನ್ನು ಮಾರದೆ ಒಂದು ಸಂಸಾರವನ್ನು ಉಳಿಸಿರುತ್ತಾನೆ. ಹಾಗೆ ಹಿಂದಿರುಗಿದವನನ್ನು ಕಳ್ಳನಂತೆ ಕಾಣದೆ ರೋಗಿಯೆಂದು ಬರಮಾಡಿಕೊಳ್ಳುವುದು ವೈದ್ಯನ ಕರ್ತವ್ಯ. ವ್ಯಸನದ ಚಿಕಿತ್ಸೆಗೆ ಬ್ಯುಪ್ರೆನಾರ್ಫಿನ್ನಿನಂಥ ಔಷಧಗಳೂ ನಿಮ್ಹಾನ್ಸ್‌ನಂಥ ಚಿಕಿತ್ಸಾಕೇಂದ್ರಗಳೂ ಇರುವಾಗ ಬೈದು ಅಟ್ಟುವುದಕ್ಕೆ ಕಾರಣವೇ ಇಲ್ಲ.

ಮೂರನೆಯದು ಮನೆಯಲ್ಲಿ. ಬೀಗ ಹಾಕಿಡಿ, ಎಣಿಸಿಡಿ, ಮತ್ತೊಬ್ಬರಿಗೆ ಕೊಡಬೇಡಿ, ಉಳಿದುದನ್ನು ಕೊಟ್ಟಲ್ಲಿಗೇ ಹಿಂದಕ್ಕೆ ತನ್ನಿ: ಈ ನಾಲ್ಕು ಮಾತುಗಳನ್ನು ಹೇಳಲು ಎರಡು ನಿಮಿಷ ಸಾಕು. ಅಂದು ಆ ತಾಯಿಗೆ ನಾನು ಹೇಳಿದುದೂ ಇಷ್ಟೇ: “ನಿಮ್ಮ ಯಜಮಾನರ ನೋವಿಗೆ ಅಳೆದು ಕೊಟ್ಟ ಮಾತ್ರೆ ಅಮ್ಮ ಇದು, ಆ ಹುಡುಗನ ಉಸಿರಿಗೆ ಇದರ ಅಳತೆ ಗೊತ್ತಿಲ್ಲ.” ಅವರು ಮರುಮಾತಾಡದೆ ಮಾತ್ರೆಗಳನ್ನು ಒಂದೊಂದಾಗಿ ಎಣಿಸಿ ನನ್ನ ಅಂಗೈಯಲ್ಲಿಟ್ಟರು, ಅನಂತರ ಇಬ್ಬರೂ ಆ ಹುಡುಗನನ್ನು ನೋಡಲು ಪಕ್ಕದ ಮನೆಗೆ ಹೋದೆವು. ಮಾತ್ರೆಯನ್ನು ಹಿಂದಕ್ಕೆ ಪಡೆಯುವುದು, ನರಳುವವನ ಬಳಿಗೆ ನಡೆದುಹೋಗುವುದು, ಈ ಎರಡನ್ನೂ ಬೇರ್ಪಡಿಸದ ಮಾರ್ಗವನ್ನು ಇಂದಿನ ಗೋಷ್ಠಿಗಳು ಕಂಡುಕೊಳ್ಳಲಿ ಎಂದು ಹಾರೈಸುತ್ತೇನೆ.